ಕಣ್ಣು ಕಟ್ಟಿಕೊಂಡು ನೆಲ ಮುಟ್ಟಿದ ವೈಮಾನಿಕ: ಜಿಮ್ಮಿ ಡೂಲಿಟ್ಲ್

1929ನೆಯ ಇಸವಿ ಸೆಪ್ಟೆಂಬರ್ 24. ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಹತ್ತಿರ, ಲಾಂಗ್ ಐಲೆಂಡಿನಲ್ಲಿದ್ದ ಮಿಚೆಲ್ ಫೀಲ್ಡ್ ಎಂಬ ಸೈನಿಕ ವಿಮಾನ ನಿಲ್ದಾಣವನ್ನು ಅಂದು ಮುಂಜಾನೆ ದಟ್ಟ ಮಂಜು ಕವಿದಿತ್ತು. ಮಂಜು ಸ್ವಲ್ಪ ತೆಳುವಾಗುವ ಹೊತ್ತಿಗೆ ಎರಡು ಆಸನಗಳ ಒಂದು ಸಣ್ಣ ವಿಮಾನ ಓಡುದಾರಿಗೆ ಬಂದು ನಿಂತಿತು. ಹಿಂದಿನ ಆಸನದಲ್ಲಿದ್ದ ಚಾಲಕನ ತಲೆಯ ಮೇಲೆ ಕ್ಯಾನ್ವಾಸಿನ ಮುಚ್ಚಳವನ್ನು ಬಿಗಿಯಾಗಿ ಎಳೆದು ಕಟ್ಟಲಾಗಿತ್ತು. ಆತನಿಗೆ ಆಕಾಶ ಕಾಣದು, ನೆಲ ಕಾಣದು, ಮುಂದಿನ ಆಸನದ ಜೊತೆಗಾರನೂ ಕಾಣನು. ಕಾಣುವುದು ಎದುರಿನ ಹಲಗೆಯ ಮೇಲಿನ ಕೆಲವು ಮುಳ್ಳುಗಳು ಮಾತ್ರ. ಆ ಸ್ಥಿತಿಯಲ್ಲಿ ಆತ ವಿಮಾನವನ್ನು ಮೇಲಕ್ಕೆಬ್ಬಿಸಿ, ಒಂದು ಸುತ್ತು ಹಾಕಿ, ಹದಿನೈದು ನಿಮಿಷಗಳ ತರುವಾಯ ಹೊರಟ ಜಾಗದ ಸಮೀಪದಲ್ಲಿಯೇ ಇಳಿಸಿದನು.

ಹೊರಗಿನದೇನನ್ನೂ ನೋಡದೆ, ಕೇವಲ ಉಪಕರಣಗಳನ್ನು ನಂಬಿ, ವಿಮಾನವೊಂದನ್ನು ಏರಿಸಿ ಹಾರಿಸಿ ಇಳಿಸಿದುದು ಜಗತ್ತಿನಲ್ಲಿ ಅದೇ ಮೊದಲು. ಆ ಚಾಲಕರ ಹೆಸರು ಜೇಮ್ಸ್ ಹೆರಾಲ್ಡ್ ಡೂಲಿಟ್ಲ್. ಎಲ್ಲರ ಬಾಯಲ್ಲಿ ಜಿಮ್ಮಿ ಡೂಲಿಟ್ಲ್. ಎರಡನೆಯ ಮಹಾಯುದ್ಧದ ಕತೆ ಬಲ್ಲವರಿಗೆ ಈ ಹೆಸರು ಹೊಸತಲ್ಲ. 1942ರಲ್ಲಿ ಟೋಕಿಯೋ ನಗರದ ಮೇಲೆ ಮೊದಲ ಬಾಂಬು ಹಾಕಿದ ದಂಡಿನ ನಾಯಕರು ಅವರೇ. ಆದರೆ ಇಂದು ಮೋಡ ತುಂಬಿದ ಆಕಾಶದಲ್ಲಿ ನಿಶ್ಚಿಂತೆಯಿಂದ ಪ್ರಯಾಣ ಮಾಡುವ ನಾವು ಅವರಿಗೆ ಋಣಿಗಳಾಗಿರಬೇಕಾದುದು ಆ ಬಾಂಬಿಗಾಗಿ ಅಲ್ಲ, ಮಂಜಿನ ಮುಂಜಾವಿನ ಆ ಹದಿನೈದು ನಿಮಿಷಗಳಿಗಾಗಿ.

ಇನ್ನೊಂದು ಸಂಗತಿ. ಅಂದು ಅವರು ಹಾರಿಸಿದ್ದು ಯುದ್ಧ ವಿಮಾನವನ್ನಲ್ಲ, ಪಂದ್ಯದ ವಿಮಾನವನ್ನೂ ಅಲ್ಲ. ಅದು ಹೊಸಬರಿಗೆ ಹಾರಾಟ ಕಲಿಸಲೆಂದು ಕಟ್ಟಿದ ತರಬೇತಿ ವಿಮಾನ. ಅದರ ಹಲಗೆಯ ಮೇಲೆ ಹೊಸ ಉಪಕರಣಗಳನ್ನು ಕೂರಿಸಿದ್ದರು, ಅಷ್ಟೇ. ಆ ಅಷ್ಟರಿಂದಲೇ ಹಾರಾಟದ ಪಾಠ ಬೇರೆಯಾಯಿತು.

ಹಠಮಾರಿ ಬಾಲಕ

ಡೂಲಿಟ್ಲ್ ಹುಟ್ಟಿದ್ದು 1896ರ ಡಿಸೆಂಬರ್ 14ರಂದು, ಕ್ಯಾಲಿಫೋರ್ನಿಯಾದ ಅಲಮೀಡಾ ಎಂಬ ಊರಿನಲ್ಲಿ. ತಂದೆ ಬಡಗಿ. ಅಲಾಸ್ಕದಲ್ಲಿ ಚಿನ್ನ ಸಿಗುತ್ತದೆಂಬ ಸುದ್ದಿ ಕೇಳಿ ಅತ್ತ ಹೋದವರಲ್ಲಿ ಅವರೂ ಒಬ್ಬರು. ಮಗು ಬೆಳೆದದ್ದು ನೋಮ್ ಎಂಬ ಹಿಮದ ಊರಿನಲ್ಲಿ. ಚಿನ್ನ ಅಗೆಯುವವರ ಒರಟು ಊರು ಅದು. ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡನಾಗಿದ್ದ ಹುಡುಗ ಮುಷ್ಟಿಯ ಬಲದಿಂದಲೇ ತನ್ನ ಜಾಗ ಉಳಿಸಿಕೊಳ್ಳಬೇಕಾಯಿತು.

1908ರಲ್ಲಿ ತಾಯಿ ಮಗನನ್ನು ಕರೆದುಕೊಂಡು ಲಾಸ್ ಏಂಜಲೀಸಿಗೆ ಮರಳಿದರು. ಅಲ್ಲಿಯೂ ಜಗಳ ಬಿಡಲಿಲ್ಲ. ಬೀದಿ ಕಾಳಗಕ್ಕಾಗಿ ಪೊಲೀಸರು ಹಿಡಿದಾಗ, ಸೋಮವಾರದ ವರೆಗೆ ಅಲ್ಲೇ ಇರಲಿ ಎಂದು ತಾಯಿ ಹೇಳಿಕಳುಹಿಸಿದರಂತೆ. ಕುಸ್ತಿ ಬಿಟ್ಟರೆ ಮೋಟಾರ್ ಸೈಕಲ್ ಕೊಡಿಸುವೆನೆಂದು ಆಸೆ ತೋರಿಸಿದರು. ಮಗ ಮೋಟಾರ್ ಸೈಕಲನ್ನೂ ಪಡೆದ, ಬೇರೆ ಹೆಸರಿನಿಂದ ಮುಷ್ಟಿಯುದ್ಧಕ್ಕೂ ಹೋಗುತ್ತಿದ್ದ. ಪೆಸಿಫಿಕ್ ಕರಾವಳಿಯ ಹವ್ಯಾಸಿ ಸ್ಪರ್ಧೆಯಲ್ಲಿ ಆತ ಗೆದ್ದವನು.

1910ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಬಳಿ ದೊಡ್ಡದೊಂದು ವಿಮಾನ ಪ್ರದರ್ಶನ ನಡೆಯಿತು. ಹದಿಮೂರು ವರ್ಷದ ಜಿಮ್ಮಿ ಅಲ್ಲಿ ಮೊದಲ ಬಾರಿಗೆ ವಿಮಾನ ಕಂಡ. ಪತ್ರಿಕೆಯೊಂದರಲ್ಲಿ ಬಂದ ನಕ್ಷೆ ನೋಡಿ ಮನೆಯಲ್ಲಿಯೇ ಒಂದು ಗ್ಲೈಡರು ಕಟ್ಟಿದ; ದಿಬ್ಬದ ಮೇಲಿಂದ ಹಾರಿದ; ಗ್ಲೈಡರು ಮುರಿಯಿತು, ಮೈ ತರಚಿತು. ಅದೇ ಶಾಲೆಯಲ್ಲಿ ಓದುತ್ತಿದ್ದ ಜೋಸೆಫೀನ್ ಡೇನಿಯಲ್ಸ್ ಎಂಬ ಹುಡುಗಿಯ ಪರಿಚಯವಾದದ್ದೂ ಆ ಕಾಲದಲ್ಲೇ. 1917ರ ಕ್ರಿಸ್ಮಸ್ ಹಿಂದಿನ ದಿನ ಇಬ್ಬರಿಗೂ ಮದುವೆಯಾಯಿತು. ಆ ದಾಂಪತ್ಯ ಎಪ್ಪತ್ತೊಂದು ವರ್ಷ ಬಾಳಿತು.

ಗುರುವಾದ ಶಿಷ್ಯ

ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ಡೂಲಿಟ್ಲ್ ಗಣಿಶಾಸ್ತ್ರದ ವಿದ್ಯಾರ್ಥಿ. 1917ರ ಅಕ್ಟೋಬರಿನಲ್ಲಿ ಓದು ಬಿಟ್ಟು ಸೈನ್ಯದ ವೈಮಾನಿಕ ವಿಭಾಗ ಸೇರಿದರು. ಸಾನ್ ಡಿಯೇಗೋದ ರಾಕ್‌ವೆಲ್ ಫೀಲ್ಡಿನಲ್ಲಿ ಮೊದಲ ಪಾಠಕ್ಕೆಂದು ವಿಮಾನದಲ್ಲಿ ಕುಳಿತಿದ್ದಾಗಲೇ ಅವರ ಕಣ್ಣೆದುರಿಗೆ ಎರಡು ವಿಮಾನಗಳು ಢಿಕ್ಕಿ ಹೊಡೆದು ಕೆಳಗೆ ಬಿದ್ದವು. ಗುರು ಶಿಷ್ಯರಿಬ್ಬರೂ ಓಡಿಹೋಗಿ ಗಾಯಾಳುಗಳನ್ನು ಹೊರಗೆಳೆಯಲು ನೆರವಾದರು. ಹಿಂದಿರುಗಿ ಬಂದು ಅಂದಿನ ಪಾಠವನ್ನು ಅಂದೇ ಮುಗಿಸಿದರು.

1918ರ ಮಾರ್ಚಿನಲ್ಲಿ ಅಧಿಕಾರಿಯಾದ ಡೂಲಿಟ್ಲ್‌ಗೆ ಫ್ರಾನ್ಸಿನ ರಣರಂಗ ನೋಡುವ ಆಸೆ. ಆದರೆ ಅವರಿಗೆ ದೊರೆತದ್ದು ಶಿಕ್ಷಕನ ಕೆಲಸ. ಯುದ್ಧ ಮುಗಿಯುವ ತನಕ ಸ್ವದೇಶದಲ್ಲಿಯೇ ಹೊಸಬರಿಗೆ ಹಾರಲು ಕಲಿಸಿದರು. ಬೇಸರಕ್ಕೆ ಹುಚ್ಚು ಸಾಹಸಗಳನ್ನೂ ಮಾಡಿದರು. ವಿಮಾನ ಇಳಿಯುವಾಗ ಚಕ್ರಗಳ ನಡುವಿನ ಸರಳಿನ ಮೇಲೆ ಕುಳಿತಿರುವೆನೆಂದು ಪಂಥ ಕಟ್ಟಿ ಹಾಗೆಯೇ ಮಾಡಿದರು. ಚಿತ್ರ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅದನ್ನು ಸೆರೆಹಿಡಿದದ್ದರಿಂದ ಮೇಲಧಿಕಾರಿಯ ಕಣ್ಣಿಗೆ ಬಿತ್ತು. ಕೆಲಕಾಲ ನೆಲದ ಮೇಲಿರುವ ಶಿಕ್ಷೆಯಾಯಿತು.

ಆ ಕಾಲದ ತರಬೇತಿ ವಿಮಾನದೊಳಗೆ ಏನಿರುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಇಂಜಿನಿನ ಸುತ್ತುಗಳನ್ನು ಎಣಿಸುವ ಮುಳ್ಳು, ಎಣ್ಣೆಯ ಒತ್ತಡದ ಮುಳ್ಳು, ನೀರಿನ ಕಾವಿನ ಮುಳ್ಳು. ಒಂದು ಎತ್ತರಮಾಪಕ, ಕೆಲವದರಲ್ಲಿ ಒಂದು ದಿಕ್ಸೂಚಿ. ಇಂಜಿನಿನ ಆರೋಗ್ಯ ತಿಳಿಯುತ್ತಿತ್ತೇ ಹೊರತು ವಿಮಾನ ನೆಟ್ಟಗಿದೆಯೋ ವಾಲಿದೆಯೋ ಎಂದು ಹೇಳುವ ಸಾಧನ ಯಾವುದೂ ಇರಲಿಲ್ಲ. ಅದನ್ನು ಚಾಲಕ ತನ್ನ ಕಣ್ಣಿನಿಂದ, ತಂತಿಗಳ ನಡುವೆ ಸುಳಿಯುವ ಗಾಳಿಯ ಸದ್ದಿನಿಂದ, ಕುಳಿತ ಆಸನ ಬೆನ್ನಿಗೆ ಒತ್ತುವ ರೀತಿಯಿಂದ ಅರಿಯಬೇಕಿತ್ತು. ಮೈಯಲ್ಲೇ ಹಾರಾಟ ಬಂದವನು ಒಳ್ಳೆಯ ವೈಮಾನಿಕ, ಮುಳ್ಳು ನೋಡಿ ಹಾರಿಸುವವನು ಅಂಜುಬುರುಕ ಎಂಬುದು ಅಂದಿನ ಶಾಲೆಗಳ ನಂಬಿಕೆ. ಡೂಲಿಟ್ಲ್ ಕಲಿತದ್ದೂ ಕಲಿಸಿದ್ದೂ ಅದನ್ನೇ.

ಮೈ ಹೇಳುವ ಸುಳ್ಳು

ಆಟಿ ತಿಂಗಳಲ್ಲಿ ಗುಡ್ಡದಿಂದ ಮಂಜು ಇಳಿದಾಗ ಅಂಗಳದಾಚೆಯ ತೋಟವೂ ಕಾಣದಂತಾಗುವುದು ನಮಗೆ ಹೊಸತಲ್ಲ. ನೆಲದ ಮೇಲಿರುವವನಿಗೆ ಅದರಿಂದ ಅಪಾಯವಿಲ್ಲ. ದಾರಿ ತಿಳಿಯದಿದ್ದರೆ ನಿಂತರಾಯಿತು. ವಿಮಾನಕ್ಕೆ ನಿಲ್ಲುವ ಉಪಾಯವಿಲ್ಲ. ಅಷ್ಟೇ ಅಲ್ಲ, ನೆಲದ ಮೇಲೆ ನಿಂತವನಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಸಂಶಯ ಎಂದೂ ಬಾರದು. ಮೋಡದೊಳಗಿನ ವೈಮಾನಿಕನಿಗೆ ಕೆಲವೇ ನಿಮಿಷಗಳಲ್ಲಿ ಆ ಸಂಶಯ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಸಂಶಯವೇ ಬಾರದೆ ತಪ್ಪು ತಿಳಿವಳಿಕೆ ಬರುತ್ತದೆ.

ನಮ್ಮ ಕಿವಿಯ ಒಳಭಾಗದಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ. ಅದರಿಂದ ನಾವು ತಿರುಗುತ್ತಿದ್ದೇವೆಂದು ಮೆದುಳಿಗೆ ಗೊತ್ತಾಗುತ್ತದೆ. ತಿರುಗುವಿಕೆ ಒಂದೇ ವೇಗದಲ್ಲಿ ಮುಂದುವರಿದರೆ ದ್ರವವೂ ಜೊತೆಗೆ ತಿರುಗತೊಡಗಿ, ನಾವು ನಿಂತೇ ಇದ್ದೇವೆಂಬ ಭಾವನೆ ಉಂಟಾಗುತ್ತದೆ. ಜಾತ್ರೆಯ ತಿರುಗುಕುದುರೆಯ ಮೇಲೆ ಕಣ್ಣು ಮುಚ್ಚಿ ಕುಳಿತವರಿಗೆ, ಅದು ನಿಂತ ಕೂಡಲೇ ಹಿಂದುಮುಂದಾಗಿ ತಿರುಗಿದಂತೆನಿಸುವುದು ಇದೇ ಕಾರಣದಿಂದ. ಮೋಡದಲ್ಲಿ ವಿಮಾನ ಮೆಲ್ಲನೆ ಒಂದು ಪಕ್ಕಕ್ಕೆ ವಾಲಿ ಸುತ್ತತೊಡಗಿದರೆ ಚಾಲಕನಿಗೆ ಅದು ನೆಟ್ಟಗೆ ಹೋದಂತೆಯೇ ಇರುತ್ತದೆ. ಸುತ್ತು ಬಿಗಿಯಾಗುತ್ತದೆ, ಮೂಗು ಕೆಳಗಾಗುತ್ತದೆ. ಅವನು ಅದನ್ನು ಎತ್ತಲೆಂದು ಕೋಲನ್ನು ಎಳೆದಷ್ಟೂ ಸುಳಿ ಇನ್ನಷ್ಟು ಬಿಗಿಯುತ್ತದೆ. ಈ ಸುಳಿಯಲ್ಲಿ ಎಷ್ಟೋ ನುರಿತ ವೈಮಾನಿಕರು ಪ್ರಾಣ ಕಳೆದುಕೊಂಡರು.

ಡೂಲಿಟ್ಲ್‌ಗೆ ಈ ಪಾಠ ತಲುಪಿದ್ದು 1922ರಲ್ಲಿ. ಅಮೆರಿಕದ ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಒಂದೇ ದಿನದಲ್ಲಿ ಹಾರುವೆನೆಂದು ಅವರು ಹೊರಟರು. ಆಗಸ್ಟಿನ ಮೊದಲ ಯತ್ನದಲ್ಲಿ ಫ್ಲಾರಿಡದ ಕಡಲ ತೀರದ ಮೆದು ಮರಳಿಗೆ ಚಕ್ರ ಸಿಕ್ಕಿ, ನೆರೆದ ಜನರ ಎದುರಿಗೇ ವಿಮಾನ ನೀರಿಗೆ ಮಗುಚಿತು. ಸೆಪ್ಟೆಂಬರ್ 4ರ ರಾತ್ರಿ ಮತ್ತೆ ಹೊರಟರು. ಈ ಬಾರಿ ವಿಮಾನದಲ್ಲಿ ಒಂದು ಹೊಸ ಉಪಕರಣವಿತ್ತು: ವಿಮಾನ ಎಡಕ್ಕೆ ತಿರುಗುತ್ತಿದೆಯೋ ಬಲಕ್ಕೆ ತಿರುಗುತ್ತಿದೆಯೋ ಎಂಬುದನ್ನು ತೋರಿಸುವ ಮುಳ್ಳು. ನಡುರಾತ್ರಿ ಗುಡುಗು ಮಿಂಚಿನ ಮೋಡ ಎದುರಾಯಿತು. ಮಿಂಚು ಹೊಳೆದಾಗ ಮಾತ್ರ ನೆಲ ಕಾಣಿಸುತ್ತಿತ್ತು, ಮತ್ತೆ ಕಗ್ಗತ್ತಲು. ಆ ಕತ್ತಲಲ್ಲಿ ವಿಮಾನವನ್ನು ನೇರವಾಗಿ ಹಿಡಿದದ್ದು ಆ ಒಂದು ಮುಳ್ಳಿನ ಬಲದಿಂದ. 21 ಗಂಟೆ 19 ನಿಮಿಷಗಳ ಹಾರಾಟ ಮುಗಿಸಿ, ನಡುವೆ ಟೆಕ್ಸಾಸಿನಲ್ಲಿ ಒಂದೇ ಕಡೆ ಇಳಿದು, ಅವರು ಸಾನ್ ಡಿಯೇಗೋ ತಲುಪಿದರು. ದೇಶವೆಲ್ಲ ಅವರ ಧೈರ್ಯವನ್ನು ಹೊಗಳಿತು. ಆದರೆ ತನ್ನನ್ನು ಉಳಿಸಿದ್ದು ಧೈರ್ಯವಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸಾಹಸಿ ಪಂಡಿತನಾದದ್ದು

ಇಲ್ಲಿಂದ ಅವರ ಬದುಕು ಹೊಸ ದಾರಿ ಹಿಡಿಯಿತು. ಸೈನ್ಯದ ಅನುಮತಿ ಪಡೆದು ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಸೇರಿದರು. 1924ರಲ್ಲಿ ಸ್ನಾತಕೋತ್ತರ ಪದವಿ, 1925ರಲ್ಲಿ ವಿಮಾನಶಾಸ್ತ್ರದಲ್ಲಿ ಡಾಕ್ಟರೇಟು. ಅಮೆರಿಕದಲ್ಲಿ ಈ ಶಾಸ್ತ್ರದಲ್ಲಿ ಡಾಕ್ಟರೇಟು ಪಡೆದ ಮೊದಮೊದಲಿನವರಲ್ಲಿ ಅವರೊಬ್ಬರು. ಇಬ್ಬರು ಚಿಕ್ಕ ಗಂಡುಮಕ್ಕಳ ತಾಯಿಯಾಗಿದ್ದ ಜೋಸೆಫೀನ್ ರಾತ್ರಿ ಕುಳಿತು ಗಂಡನ ಟಿಪ್ಪಣಿಗಳನ್ನೆಲ್ಲ ಟೈಪು ಮಾಡಿಕೊಡುತ್ತಿದ್ದರು.

ಅವರ ಪ್ರಬಂಧದ ವಿಷಯ ಗಾಳಿಯ ವೇಗವೂ ವಿಮಾನದ ನಡೆಯೂ. ಗಾಳಿ ಎತ್ತಣಿಂದ ಬೀಸುತ್ತಿದೆ ಎಂಬುದು ಕಣ್ಣು ಮುಚ್ಚಿದರೂ ತಮಗೆ ಮೈಯಿಂದಲೇ ತಿಳಿಯುತ್ತದೆ ಎಂದು ಹಳಬರಾದ ವೈಮಾನಿಕರು ಹೇಳಿಕೊಳ್ಳುತ್ತಿದ್ದರು. ನೆಲ ಕಾಣದಿದ್ದಾಗ ಯಾರಿಗೂ ಅದು ತಿಳಿಯದು ಎಂಬುದನ್ನು ಡೂಲಿಟ್ಲ್ ಪ್ರಯೋಗಗಳಿಂದ ಕಂಡುಕೊಂಡರು. ಮೈ ಅರಿಯುತ್ತದೆ ಎಂದುಕೊಂಡದ್ದನ್ನೆಲ್ಲ ನಿಜವಾಗಿ ಕಣ್ಣೇ ಅರಿಯುತ್ತಿತ್ತು.

ಅದೇ 1925ರಲ್ಲಿ ಅವರು ಕಡಲ ವಿಮಾನಗಳ ಶ್ನೈಡರ್ ಪಂದ್ಯ ಗೆದ್ದರು. 1926ರಲ್ಲಿ ಚಿಲಿ ದೇಶದಲ್ಲಿ ಔತಣಕೂಟವೊಂದರಲ್ಲಿ ಕಿಟಕಿಯ ಅಂಚಿನ ಮೇಲೆ ಕಸರತ್ತು ಮಾಡಲು ಹೋಗಿ ಕೆಳಗೆ ಬಿದ್ದು ಎರಡೂ ಕಾಲಿನ ಹರಡು ಮುರಿದುಕೊಂಡರು. ಪಟ್ಟಿ ಕಟ್ಟಿದ ಕಾಲುಗಳಲ್ಲೇ ವಿಮಾನ ಹತ್ತಿ ಪ್ರದರ್ಶನ ಕೊಟ್ಟರು. ಪಂಡಿತನೊಳಗೆ ಹಳೆಯ ಹುಡುಗ ಹಾಗೆಯೇ ಇದ್ದ.

ತರಬೇತಿ ವಿಮಾನಕ್ಕೆ ಹೊಸ ಹಲಗೆ

ಗಣಿ ಉದ್ಯಮಿ ಡೇನಿಯಲ್ ಗುಗೆನ್‌ಹೈಮ್ ವಿಮಾನವಿದ್ಯೆಯ ಏಳಿಗೆಗಾಗಿ 1926ರಲ್ಲಿ ಒಂದು ನಿಧಿ ಸ್ಥಾಪಿಸಿದ್ದರು. ಮಗ ಹ್ಯಾರಿ ಅದರ ಅಧ್ಯಕ್ಷ. ಮಂಜು ಬಿದ್ದರೆ ವಿಮಾನ ಸಂಚಾರವೇ ನಿಂತುಹೋಗುವ ಸ್ಥಿತಿಯಲ್ಲಿ ಪ್ರಯಾಣಿಕರು ವಿಮಾನವನ್ನು ಎಂದೂ ನಂಬಲಾರರು ಎಂದು ಮನಗಂಡ ಈ ನಿಧಿ 1928ರಲ್ಲಿ ಮಿಚೆಲ್ ಫೀಲ್ಡಿನಲ್ಲಿ ಒಂದು ಪ್ರಯೋಗಶಾಲೆ ತೆರೆಯಿತು. ಸೈನ್ಯದಿಂದ ಎರವಲಾಗಿ ಬಂದ ಡೂಲಿಟ್ಲ್ ಅದರ ಮುಖ್ಯಸ್ಥರು.

ಪ್ರಯೋಗಕ್ಕೆ ಅವರು ಆರಿಸಿಕೊಂಡದ್ದು ಕನ್ಸಾಲಿಡೇಟೆಡ್ ಸಂಸ್ಥೆಯ ಎನ್‌ವೈ-2 ಎಂಬ ತರಬೇತಿ ವಿಮಾನ. ಕಾರಣ ಸರಳ. ಶಿಷ್ಯರ ತಪ್ಪುಗಳನ್ನು ತಾಳಿಕೊಳ್ಳಲೆಂದೇ ಕಟ್ಟಿದ ವಿಮಾನ ಗಟ್ಟಿಯಾಗಿರುತ್ತದೆ, ನಿಧಾನವಾಗಿರುತ್ತದೆ, ಕೈಬಿಟ್ಟರೆ ಥಟ್ಟನೆ ಮುನಿಯುವುದಿಲ್ಲ. ಎರಡು ಆಸನ, ಎರಡು ಕಡೆಯೂ ನಿಯಂತ್ರಣ. ಒಬ್ಬ ಮುಚ್ಚಳದೊಳಗಿದ್ದರೆ ಇನ್ನೊಬ್ಬ ಕಾವಲಿರಬಹುದು. ನೆಲಕ್ಕೆ ಬಡಿದಾಗಿನ ಪೆಟ್ಟು ತಡೆಯಲು ಅದರ ಚಕ್ರದ ಕಾಲುಗಳನ್ನು ಇನ್ನಷ್ಟು ಬಲಪಡಿಸಿದರು.

ಇನ್ನು ಉಪಕರಣಗಳು. ಮಕ್ಕಳ ಬುಗುರಿಯನ್ನು ನೋಡಿ. ಜೋರಾಗಿ ತಿರುಗುವಷ್ಟು ಹೊತ್ತು ಅದು ತನ್ನ ನಿಲುವನ್ನು ಬಿಡದು. ಚೌಕಟ್ಟಿನೊಳಗೆ ಸ್ವತಂತ್ರವಾಗಿ ತಿರುಗುವಂತೆ ಕೂರಿಸಿದ ಚಕ್ರವೂ ಹಾಗೆಯೇ; ಸುತ್ತಲಿನ ವಿಮಾನ ಹೇಗೆ ವಾಲಿದರೂ ಅದು ವಾಲದು. ಇದೇ ಗೈರೋಸ್ಕೋಪು. ವಿಮಾನದ ವಾಲುವಿಕೆಯನ್ನೂ ದಿಕ್ಕನ್ನೂ ಒಟ್ಟಿಗೇ ತೋರಿಸುವ ಸಾಧನವೊಂದರ ನಕ್ಷೆ ಬರೆದು ಡೂಲಿಟ್ಲ್ ಗೈರೋಸ್ಕೋಪಿನ ಮಹಾಪಂಡಿತ ಎಲ್ಮರ್ ಸ್ಪೆರಿಯವರ ಬಳಿಗೆ ಹೋದರು. ಒಂದಕ್ಕಿಂತ ಎರಡಾಗಿ ಮಾಡುವುದು ಸುಲಭವೆಂದು ಸ್ಪೆರಿ ಅಭಿಪ್ರಾಯಪಟ್ಟು, ಕೆಲಸವನ್ನು ಅದೇ ಹೆಸರಿನ ತಮ್ಮ ಮಗನಿಗೆ ವಹಿಸಿದರು. ಹೀಗೆ ಹುಟ್ಟಿದ್ದು ಎರಡು ಉಪಕರಣಗಳು. ಮೊದಲನೆಯದು ಕೃತಕ ಕ್ಷಿತಿಜ: ಗಾಜಿನ ಹಿಂದೆ ಒಂದು ಅಡ್ಡಗೆರೆ, ಅದರ ಮುಂದೆ ಪುಟ್ಟ ವಿಮಾನದ ಗುರುತು, ಹೊರಗಿನ ಕ್ಷಿತಿಜ ಕಾಣದಿದ್ದರೂ ಒಳಗೊಂದು ಕ್ಷಿತಿಜ. ಎರಡನೆಯದು ದಿಕ್ಕು ತೋರಿಸುವ ಗೈರೋ: ವಿಮಾನ ತಿರುಗುವಾಗ ಕಾಂತ ದಿಕ್ಸೂಚಿ ತೂಗಾಡಿ ದಾರಿ ತಪ್ಪಿಸುತ್ತದೆ, ಇದು ತೂಗಾಡದು.

ಎತ್ತರದ ಸಮಸ್ಯೆ ಉಳಿದಿತ್ತು. ಮೇಲೆ ಹೋದಂತೆ ವಾಯುಭಾರ ಕಡಿಮೆಯಾಗುವುದನ್ನು ಅಳೆದು ಎತ್ತರ ಹೇಳುವ ಸಾಧನ ಹಿಂದೆಯೇ ಇತ್ತು. ಆದರೆ ಅದರ ತಪ್ಪು ಹತ್ತಾರು ಅಡಿಗಳಿಗೆ ಕಡಿಮೆಯಿಲ್ಲ. ಆಕಾಶದಲ್ಲಿ ಅಷ್ಟು ತಪ್ಪಿದರೆ ನಡೆದೀತು, ನೆಲದ ಹತ್ತಿರ ಅದು ಪ್ರಾಣದ ಲೆಕ್ಕ. ಜರ್ಮನಿಯಿಂದ ವಲಸೆ ಬಂದಿದ್ದ ಪಾಲ್ ಕೋಲ್ಸ್‌ಮನ್ ಎಂಬ ತರುಣ ಇಂಜಿನಿಯರು ಗಡಿಯಾರದಷ್ಟು ನಯವಾದ ಹಲ್ಲುಚಕ್ರಗಳನ್ನು ಬಳಸಿ, ಕೆಲವೇ ಅಡಿಗಳ ವ್ಯತ್ಯಾಸವನ್ನೂ ತೋರಿಸುವ ಎತ್ತರಮಾಪಕ ಮಾಡಿದ್ದರು. ತಮ್ಮ ಸಾಧನವನ್ನು ತೊಡೆಯ ಮೇಲಿಟ್ಟುಕೊಂಡು ಅವರೇ ಡೂಲಿಟ್ಲ್ ಜೊತೆ ಹಾರಿ ಅದನ್ನು ಪರೀಕ್ಷಿಸಿದರು.

ನಾಲ್ಕನೆಯದು ರೇಡಿಯೋ. ನಿಲ್ದಾಣದಿಂದ ಹೊರಡುವ ಸಂಕೇತಕ್ಕೆ ಹಲಗೆಯ ಮೇಲಿನ ಎರಡು ತೆಳ್ಳನೆಯ ಲೋಹದ ಪಟ್ಟಿಗಳು ಕಂಪಿಸುತ್ತವೆ. ಎರಡೂ ಸಮವಾಗಿ ಕಂಪಿಸಿದರೆ ದಾರಿ ಸರಿ. ಒಂದು ಹೆಚ್ಚು, ಇನ್ನೊಂದು ಕಡಿಮೆಯಾದರೆ ವಿಮಾನ ಪಕ್ಕಕ್ಕೆ ಸರಿದಿದೆ. ಕಂಬದ ನೇರ ಮೇಲೆ ಬಂದಾಗ ಪಟ್ಟಿಗಳು ಸುಮ್ಮನಾಗುತ್ತವೆ.

ಉಪಕರಣ ಬಂದರೆ ಸಾಲದು, ಅದನ್ನು ನಂಬಲು ಕಲಿಯಬೇಕು. ಮೈ ಒಂದು ಹೇಳುವಾಗ ಮುಳ್ಳು ಇನ್ನೊಂದು ಹೇಳಿದರೆ, ಮೈಯನ್ನು ಬದಿಗಿಟ್ಟು ಮುಳ್ಳನ್ನು ಅನುಸರಿಸುವುದು ಅಭ್ಯಾಸವಿಲ್ಲದೆ ಸಾಧ್ಯವಿಲ್ಲ. ಹನ್ನೊಂದು ವರ್ಷಗಳಿಂದ ಹಾರುತ್ತಿದ್ದ ಡೂಲಿಟ್ಲ್ ಮತ್ತೆ ಶಿಷ್ಯನಾದರು. ಮುಚ್ಚಳದೊಳಗೆ ಕುಳಿತು ನೂರಾರು ಬಾರಿ ಇಳಿಯುವ ಅಭ್ಯಾಸ ಮಾಡಿದರು. ಲೆಫ್ಟಿನೆಂಟ್ ಬೆನ್ ಕೆಲ್ಸಿ ಕಾವಲು ಚಾಲಕ.

ನಡುವೆ 1929ರ ಮಾರ್ಚಿನಲ್ಲಿ ಒಂದು ರಾತ್ರಿ ಅವರು ಪ್ರಯೋಗಶಾಲೆಯ ಇನ್ನೊಂದು ವಿಮಾನದಲ್ಲಿ ಬಫೆಲೋ ನಗರದಿಂದ ಮರಳುತ್ತಿದ್ದರು. ಹವೆ ಕೆಟ್ಟಿತು. ಒಂದಾದ ಮೇಲೊಂದು ನಿಲ್ದಾಣ ಮಂಜಿನಲ್ಲಿ ಮುಳುಗಿತ್ತು. ಪೆಟ್ರೋಲು ಮುಗಿಯುತ್ತ ಬಂದಾಗ ನ್ಯೂಜರ್ಸಿಯಲ್ಲಿ ನೆಲದ ಹತ್ತಿರ ಬಂದು, ವೇಗ ತಗ್ಗಿಸಲೆಂದು ಎಡ ರೆಕ್ಕೆಯನ್ನು ಒಂದು ಮರಕ್ಕೆ ಬೇಕೆಂದೇ ತಾಗಿಸಿ ವಿಮಾನವನ್ನು ಕೆಡವಿದರು. ವಿಮಾನ ನುಚ್ಚುನೂರಾಯಿತು, ಅವರು ಎದ್ದು ಬಂದರು. ಮಂಜಿನ ಹಾರಾಟದ ಸಂಶೋಧಕನನ್ನೇ ಮಂಜು ಹೀಗೆ ಮುತ್ತಿಕೊಂಡಿತ್ತು. ಕೆಲಸ ಏಕೆ ಬೇಗ ಮುಗಿಯಬೇಕೆಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ಹದಿನೈದು ನಿಮಿಷ

ಸೆಪ್ಟೆಂಬರ್ 24ರ ಮುಂಜಾನೆ ಪ್ರಯೋಗಶಾಲೆಯವರು ಎದ್ದು ಬಂದದ್ದು ನಿಜವಾಗಿ ಬೇರೆ ಕೆಲಸಕ್ಕೆ. ಬಿಸಿಗಾಳಿ ಊದಿ ಮಂಜನ್ನು ಕರಗಿಸುವ ಯಂತ್ರವೊಂದನ್ನು ಪರೀಕ್ಷಿಸಬೇಕಿತ್ತು. ಬಯಲಿನಲ್ಲಿ ಅದು ನಡೆಯಲಿಲ್ಲ. ಇಷ್ಟು ಒಳ್ಳೆಯ ಮಂಜು ವ್ಯರ್ಥವಾಗಬಾರದೆಂದು ಡೂಲಿಟ್ಲ್ ಒಬ್ಬರೇ ವಿಮಾನ ಹತ್ತಿ, ಸುಮಾರು ಹತ್ತು ನಿಮಿಷ ಹಾರಿ ಇಳಿದರು. ಹ್ಯಾರಿ ಗುಗೆನ್‌ಹೈಮ್ ಬಂದ ಬಳಿಕ ಅಧಿಕೃತ ಪರೀಕ್ಷೆ ನಡೆಯಿತು. ಮಂಜು ಹರಿಯತೊಡಗಿದ್ದರಿಂದ ಬೇರೆ ವಿಮಾನಗಳು ಅಡ್ಡ ಬರಬಹುದೆಂದು, ಕೆಲ್ಸಿ ಜೊತೆಗಿರಲೇಬೇಕೆಂದು ಅವರು ಪಟ್ಟುಹಿಡಿದರು.

ಡೂಲಿಟ್ಲ್ ಮುಚ್ಚಳ ಎಳೆದುಕೊಂಡರು. ಕೆಲ್ಸಿ ತನ್ನ ಎರಡೂ ಕೈಗಳನ್ನು ಹೊರಗಿನವರಿಗೆ ಕಾಣುವಂತೆ ಇಟ್ಟುಕೊಂಡು ಕುಳಿತರು; ವಿಮಾನವನ್ನು ಅವರು ಮುಟ್ಟಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ವಿಮಾನ ಸಾವಿರ ಅಡಿ ಏರಿತು, ತಿರುಗಿತು, ನಿಲ್ದಾಣವನ್ನು ದಾಟಿ ಮತ್ತೆ ತಿರುಗಿತು. ಕಂಬದ ಮೇಲೆ ಬಂದಾಗ ಎತ್ತರ ಇನ್ನೂರು ಅಡಿ. ಅಲ್ಲಿಂದ ಒಂದೇ ವೇಗ, ಒಂದೇ ಇಳಿಜಾರು, ಚಕ್ರ ನೆಲಕ್ಕೆ ತಾಗುವ ವರೆಗೆ. ಸಾಮಾನ್ಯವಾಗಿ ಚಾಲಕ ಕೊನೆಯ ಗಳಿಗೆಯಲ್ಲಿ ನೆಲ ನೋಡಿ ವಿಮಾನದ ಮೂಗನ್ನು ಮೃದುವಾಗಿ ಎತ್ತುತ್ತಾನೆ. ನೆಲವೇ ಕಾಣದವನಿಗೆ ಆ ಸೌಲಭ್ಯವೆಲ್ಲಿ? ಬಲಪಡಿಸಿದ ಕಾಲುಗಳು ಆ ಪೆಟ್ಟನ್ನು ತಾಳಿಕೊಂಡವು. ಇಳಿದದ್ದು ಅಷ್ಟೇನೂ ಚೆನ್ನಾಗಿರಲಿಲ್ಲ ಎಂಬುದು ಸ್ವತಃ ಡೂಲಿಟ್ಲ್ ಅವರ ಅಭಿಪ್ರಾಯ.

ಕಲಿಸದಿದ್ದುದರ ಬೆಲೆ

ಇಷ್ಟಾದ ಮೇಲೆ ಎಲ್ಲ ಹಾರಾಟ ಶಾಲೆಗಳೂ ಮರುದಿನವೇ ಬದಲಾದವೆಂದು ತಿಳಿಯಬಾರದು. 1934ರ ಫೆಬ್ರುವರಿಯಲ್ಲಿ ಅಮೆರಿಕದ ಸರಕಾರ ಅಂಚೆ ಸಾಗಿಸುವ ಕೆಲಸವನ್ನು ಖಾಸಗಿ ಸಂಸ್ಥೆಗಳಿಂದ ಕಿತ್ತು ಸೈನ್ಯದ ವೈಮಾನಿಕರಿಗೆ ಕೊಟ್ಟಿತು. ಕೊರೆಯುವ ಚಳಿಗಾಲ, ರಾತ್ರಿಯ ಹಾರಾಟ. ಎಷ್ಟೋ ವಿಮಾನಗಳಲ್ಲಿ ಬೇಕಾದ ಉಪಕರಣಗಳೇ ಇರಲಿಲ್ಲ. ಇದ್ದಲ್ಲಿ ಅವನ್ನು ನೋಡಿ ಹಾರುವ ಅಭ್ಯಾಸ ಚಾಲಕರಿಗೆ ಸಾಕಷ್ಟಿರಲಿಲ್ಲ. ಕೆಲವೇ ತಿಂಗಳಲ್ಲಿ ಹನ್ನೆರಡರಷ್ಟು ವೈಮಾನಿಕರು ಸತ್ತರು. ಡೂಲಿಟ್ಲ್ ದಾರಿ ತೋರಿಸಿ ನಾಲ್ಕು ವರ್ಷ ಕಳೆದಿತ್ತು. ಸಾವುಗಳ ಬಳಿಕ ಸೈನ್ಯ ಎಚ್ಚೆತ್ತು, ಆರ್ಗನ್ ವಾದ್ಯ ತಯಾರಕರ ಮಗನಾದ ಎಡ್ವಿನ್ ಲಿಂಕ್ ನಿರ್ಮಿಸಿದ್ದ, ನೆಲದ ಮೇಲೆಯೇ ಕುರುಡು ಹಾರಾಟ ಕಲಿಸುವ ಯಂತ್ರಗಳನ್ನು ಕೊಂಡಿತು. ಅಲ್ಲಿಯ ತನಕ ಅವು ಹೆಚ್ಚಾಗಿ ಮನೋರಂಜನೆಯ ಉದ್ಯಾನಗಳಿಗೆ ಮಾರಾಟವಾಗುತ್ತಿದ್ದವು.

ಅನಂತರವೂ ಸೈನ್ಯದ ಶಾಲೆಗಳಲ್ಲಿ ಶಿಷ್ಯರಿಗೆ ಹಳೆಯ ತಿರುವುಮುಳ್ಳನ್ನೇ ಮುಖ್ಯವಾಗಿ ಕಲಿಸುತ್ತಿದ್ದರು. ಕೃತಕ ಕ್ಷಿತಿಜವನ್ನು ನಂಬಿ ಹಾರುವ ಕ್ರಮವನ್ನು ಪಾಠವಾಗಿ ರೂಪಿಸಿದವರು ಟೆಕ್ಸಾಸಿನ ಬ್ರಯನ್ ಶಾಲೆಯ ಜೋಸೆಫ್ ಡಕ್‌ವರ್ತ್. 1943ರ ಜುಲೈ 27ರಂದು ಅವರು ಎಟಿ-6 ಎಂಬ ತರಬೇತಿ ವಿಮಾನವನ್ನು ಚಂಡಮಾರುತದ ಕಣ್ಣಿನೊಳಕ್ಕೇ ಹಾರಿಸಿ ಕ್ಷೇಮವಾಗಿ ಹಿಂದಿರುಗಿದರು. ಕಲಿಸಿದರೆ ತರಬೇತಿ ವಿಮಾನವೂ ಸಾಕು ಎಂಬುದು ಎರಡನೆಯ ಬಾರಿ ಸಿದ್ಧವಾಯಿತು.

ಟೋಕಿಯೋ ಮತ್ತು ಬಾರದ ಸಂಕೇತ

ಡೂಲಿಟ್ಲ್ 1930ರಲ್ಲಿ ಸೈನ್ಯದ ಪೂರ್ಣಾವಧಿ ಸೇವೆ ಬಿಟ್ಟು ಶೆಲ್ ತೈಲ ಸಂಸ್ಥೆ ಸೇರಿದರು. ನೂರು ಆಕ್ಟೇನಿನ ಉತ್ತಮ ಪೆಟ್ರೋಲು ತಯಾರಿಸುವಂತೆ ಸಂಸ್ಥೆಯನ್ನು ಒಪ್ಪಿಸಿದ್ದು ಅವರ ಇನ್ನೊಂದು ದೊಡ್ಡ ಕೆಲಸ. 1932ರಲ್ಲಿ ಜೀ ಬೀ ಎಂಬ ಅಪಾಯಕಾರಿ ವಿಮಾನದಲ್ಲಿ ಗಂಟೆಗೆ 296 ಮೈಲಿ ವೇಗದ ದಾಖಲೆ ಸ್ಥಾಪಿಸಿ, ಪಂದ್ಯ ಗೆದ್ದು, ಪಂದ್ಯಗಳಿಗೆ ವಿದಾಯ ಹೇಳಿದರು.

ಯುದ್ಧ ಅವರನ್ನು ಮತ್ತೆ ಸೈನ್ಯಕ್ಕೆ ಕರೆಯಿತು. 1942ರ ಏಪ್ರಿಲ್ 18ರಂದು ಹಾರ್ನೆಟ್ ಎಂಬ ಹಡಗಿನಿಂದ 16 ಬಿ-25 ವಿಮಾನಗಳಲ್ಲಿ 80 ಮಂದಿ ಅವರ ನೇತೃತ್ವದಲ್ಲಿ ಜಪಾನಿನತ್ತ ಹಾರಿದರು. ಈ ವಿಮಾನಗಳಿಂದ ಅತ್ಯಾಧುನಿಕ ಗುರಿಸಾಧನವನ್ನು ತೆಗೆಸಿ, ಕೆಲವೇ ಸೆಂಟುಗಳಲ್ಲಿ ಆಗುವ ಸರಳ ಲೋಹದ ತುಂಡನ್ನು ಹಾಕಿಸಲಾಗಿತ್ತು. ತಗ್ಗಿನ ಹಾರಾಟಕ್ಕೆ ಅದೇ ಸಾಕು, ದುಬಾರಿ ಸಾಧನ ಶತ್ರುವಿನ ಕೈಗೂ ಸಿಗದು. ಹೊಸದೆಲ್ಲ ಒಳ್ಳೆಯದೆಂಬ ಭ್ರಮೆ ಡೂಲಿಟ್ಲ್‌ಗೆ ಇರಲಿಲ್ಲ.

ಬಾಂಬು ಹಾಕಿ ಚೀನದತ್ತ ಬಂದಾಗ ಕತ್ತಲಾಗಿ ಮಳೆ ಸುರಿಯುತ್ತಿತ್ತು. ನೆಲದಿಂದ ದಾರಿ ತೋರಿಸಬೇಕಾಗಿದ್ದ ರೇಡಿಯೋ ಸಂಕೇತ ಬರಲೇ ಇಲ್ಲ. ಉಪಕರಣಗಳ ಸಹಾಯದಿಂದ ವಿಮಾನವನ್ನು ನೆಟ್ಟಗೆ ಹಾರಿಸಬಹುದಿತ್ತು, ಇಳಿಯುವ ಜಾಗ ಹುಡುಕಲಾಗಲಿಲ್ಲ. ಮಿಚೆಲ್ ಫೀಲ್ಡಿನಲ್ಲಿ ಜೊತೆಗೂಡಿದ್ದ ಎರಡು ಬಲಗಳಲ್ಲಿ ಅಂದು ಒಂದೇ ಇತ್ತು. ಡೂಲಿಟ್ಲ್ ಮತ್ತು ಸಂಗಡಿಗರು ಕತ್ತಲಿಗೆ ಧುಮುಕಿದರು. ಅವರು ಇಳಿದದ್ದು ಭತ್ತದ ಗದ್ದೆಯಲ್ಲಿ. ಒಂದು ವಿಮಾನ ರಷ್ಯದಲ್ಲಿ ಇಳಿಯಿತು, ಉಳಿದ ಹದಿನೈದೂ ನಾಶವಾದವು. ಮೂವರು ಅಲ್ಲಿಯೇ ಸತ್ತರು. ಎಂಟು ಮಂದಿ ಜಪಾನೀಯರಿಗೆ ಸೆರೆಸಿಕ್ಕರು, ಅವರಲ್ಲಿ ಮೂವರನ್ನು ಕೊಂದರು, ಒಬ್ಬ ಸೆರೆಯಲ್ಲಿ ತೀರಿಕೊಂಡ. ಆಶ್ರಯ ಕೊಟ್ಟ ಚೀನದ ಹಳ್ಳಿಗರ ಮೇಲೆ ಜಪಾನೀ ಸೈನ್ಯ ತೀರಿಸಿಕೊಂಡ ಸೇಡಿಗೆ ಬಲಿಯಾದವರು ಲೆಕ್ಕವಿಲ್ಲದಷ್ಟು. ವಿಮಾನಗಳನ್ನೆಲ್ಲ ಕಳೆದುಕೊಂಡ ತನಗೆ ಸೈನಿಕ ವಿಚಾರಣೆ ಕಾದಿದೆ ಎಂದು ಮುರಿದ ವಿಮಾನದ ಪಕ್ಕದಲ್ಲಿ ಕುಳಿತ ಡೂಲಿಟ್ಲ್ ನಂಬಿದ್ದರು. ದೊರೆತದ್ದು ದೇಶದ ಅತ್ಯುನ್ನತ ಶೌರ್ಯಪದಕ.

ಯುದ್ಧದ ಉಳಿದ ಕಾಲದಲ್ಲಿ ಅವರು ಮೂರು ವಾಯುಸೇನೆಗಳನ್ನು ನಡೆಸಿದರು. 1988ರ ಡಿಸೆಂಬರ್ 24ರಂದು, ಮದುವೆಯ ಎಪ್ಪತ್ತೊಂದನೆಯ ವಾರ್ಷಿಕ ದಿನದಂದೇ, ಜೋಸೆಫೀನ್ ತೀರಿಕೊಂಡರು. ಡೂಲಿಟ್ಲ್ 1993ರ ಸೆಪ್ಟೆಂಬರ್ 27ರಂದು ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾದರು. ಅಂಧ ಹಾರಾಟಕ್ಕೆ ಆಗ 64 ವರ್ಷ ಕಳೆದು ಮೂರು ದಿನವಾಗಿತ್ತು. ಮಿಚೆಲ್ ಫೀಲ್ಡ್ ಅದಕ್ಕೂ ಮೊದಲೇ, 1961ರಲ್ಲಿ, ಮುಚ್ಚಿತ್ತು.

ಇಂದಿನ ಹಲಗೆ

ಈಗಿನ ಹಾರಾಟ ಶಾಲೆಗಳ ಸಣ್ಣ ವಿಮಾನಗಳಲ್ಲಿ ಮುಳ್ಳುಗಳು ಮರೆಯಾಗುತ್ತಿವೆ. ಬುಗುರಿಯ ಜಾಗಕ್ಕೆ ವಿದ್ಯುನ್ಮಾನ ಸಂವೇದಕ ಬಂದಿದೆ. ಕ್ಷಿತಿಜ, ದಿಕ್ಕು, ಎತ್ತರ, ವೇಗ, ನಕ್ಷೆ ಎಲ್ಲವೂ ಒಂದೆರಡು ಗಾಜಿನ ಪರದೆಗಳ ಮೇಲೆ ಮೂಡುತ್ತವೆ. ಹಳೆಯ ತರಬೇತಿ ವಿಮಾನಗಳ ಹಲಗೆ ಕಿತ್ತು ಇವನ್ನು ಕೂರಿಸುವುದೂ ಉಂಟು. ಇದರಿಂದ ಅಪಘಾತ ಇಳಿಯಿತೇ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿ ಪರಿಶೀಲಿಸಿ 2010ರಲ್ಲಿ ವರದಿ ಕೊಟ್ಟಿತು. 2002ರಿಂದ 2006ರ ವರೆಗೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿದಾಗ, ಪರದೆಯುಳ್ಳವುಗಳಲ್ಲಿ ಒಟ್ಟು ಅಪಘಾತಗಳ ಪ್ರಮಾಣ ಕಡಿಮೆ, ಆದರೆ ಸಾವು ಸಂಭವಿಸಿದ ಅಪಘಾತಗಳ ಪ್ರಮಾಣ ಹೆಚ್ಚು ಎಂದು ಕಂಡುಬಂತು. ಆಯಾ ಉಪಕರಣಕ್ಕೆ ತಕ್ಕ ತರಬೇತಿ ಕೊಡಬೇಕೆಂಬುದೇ ಮಂಡಲಿಯ ಮುಖ್ಯ ಶಿಫಾರಸು.

ಡೂಲಿಟ್ಲ್ ಬದುಕಿದ್ದರೆ ಇದನ್ನು ಓದಿ ಆಶ್ಚರ್ಯಪಡುತ್ತಿರಲಿಲ್ಲ. ಉಪಕರಣ ಹಾಕಿಸಲು ಕೆಲವು ವಾರ ಸಾಕು. ಅದನ್ನು ಯಾವಾಗ ನಂಬಬೇಕು, ಅದು ಕೆಟ್ಟಾಗ ಏನು ಮಾಡಬೇಕು ಎಂಬುದನ್ನು ಶಿಷ್ಯನ ಮನಸ್ಸಿಗೆ ಹಾಕಲು ಮುಚ್ಚಳದೊಳಗೆ ಕುಳಿತು ನೂರಾರು ಬಾರಿ ಇಳಿಯಬೇಕಾಗುತ್ತದೆ. ಹನ್ನೊಂದು ವರ್ಷಗಳ ಅನುಭವವಿದ್ದ ಗುರುವೇ ಹಾಗೆ ಮತ್ತೊಮ್ಮೆ ಶಿಷ್ಯನಾಗಿ ಕುಳಿತದ್ದರಿಂದ ಮಂಜಿನಲ್ಲೊಂದು ದಾರಿ ತೆರೆಯಿತು.